ಮೃಗಶಿರೆಯ ಕೆಳಗಣ ಬೆಳಕು

ಶ್ರೀರಾಮಾನುಜಾಚಾರ್ಯರ ಪಾದಸ್ಪರ್ಶದಿಂದ ಪುನೀತವಾಯಿತೆಂದು ಶ್ರೀವೈಷ್ಣವರು ನಂಬುವ, ಆಚಾರ್ಯರ ಪರಮಶಿಷ್ಯನಾದ ವಡುಗನಂಬಿಯ ಊರೆಂದು ಸಂಪ್ರದಾಯವು ಹೇಳುವ, ಜೈನರಿಗೂ ಬಹುಕಾಲದಿಂದ ನೆಲೆಯಾಗಿರುವ, ಮೈಸೂರು ಸೀಮೆಯ ಸಾಲಿಗ್ರಾಮದಲ್ಲಿ, ಮಾಗಿಯ ರಾತ್ರಿ ಒಕ್ಕಣೆಯ ಸದ್ದಡಗಿದ ಮೇಲೆ ಕಣದ ಅಂಚಿನಲ್ಲಿ ನಿಂತು ತಲೆಯೆತ್ತಿದವರಿಗೆ, ಮಹಾವ್ಯಾಧನೆಂಬ ನಕ್ಷತ್ರಪುಂಜದ ನಡುಕಟ್ಟಿನ ಮೂರು ತಾರೆಗಳ ಕೆಳಗೆ, ಕನ್ನಡಿಯ ಮೇಲೆ ಬಿದ್ದ ಉಸಿರಿನಂತೆ ಮಸಕಾದ ಒಂದು ಬೆಳಕು ಕಾಣಿಸುತ್ತದೆ. ಅದೇ ನೀಹಾರಿಕೆ, ಹೊಸ ನಕ್ಷತ್ರಗಳು ಜನ್ಮತಾಳುತ್ತಿರುವ ಅನಿಲ ಮತ್ತು ಧೂಳಿನ ಮಹಾರಾಶಿ.

ಈ ಸೀಮೆಯ ಒಕ್ಕಲಿಗನಿಗೆ ಅದೇ ಮಹಾವ್ಯಾಧನಲ್ಲಿ ಸೇರಿದ ಮೃಗಶಿರೆಯೂ ಆರಿದ್ರೆಯೂ ಮೊದಲು ಮಳೆಯ ಹೆಸರುಗಳು, ಆಮೇಲೆ ನಕ್ಷತ್ರಗಳ ಹೆಸರುಗಳು. ಸೂರ್ಯನು ಆಯಾ ನಕ್ಷತ್ರದಲ್ಲಿ ಸಂಚರಿಸುವಾಗ ಸುರಿಯುವ ಮಳೆಗೆ ಅದರ ಹೆಸರು ಸಲ್ಲುವುದರಿಂದ, ಬಿತ್ತುವ ಕಾಲದಲ್ಲಿ ಸೂರ್ಯಪ್ರಭೆಯೊಳಗೆ ಮರೆಯಾಗಿದ್ದ ತಾರೆಯೇ ಕೊಯ್ಲಿನ ಕಾಲಕ್ಕೆ ನಡುರಾತ್ರಿಯ ನೆತ್ತಿಗೆ ಬಂದು ದರ್ಶನವೀಯುತ್ತದೆ. ಆಕಾಶವನ್ನು ಬರೆದಿಡುವ ಪದ್ಧತಿಯೂ ಇಲ್ಲಿ ಹೊಸದಲ್ಲ. ಗ್ರಹಣ ಸಂಕ್ರಮಣಗಳ ಪುಣ್ಯಕಾಲವನ್ನು ನಮೂದಿಸಿ ದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು ಕನ್ನಡನಾಡಿನ ಹಳೆಯ ವಾಡಿಕೆ. ಈ ಸೀಮೆಯ ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳನ್ನು ಶಾಸನತಜ್ಞರಾದ ಬಿ. ಎಲ್. ರೈಸರು 1898ರಲ್ಲಿ ಒಂದು ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಮನುಷ್ಯನ ಉಳಿಯ ಹಂಗಿಲ್ಲದೆ ಆಕಾಶವೇ ತನ್ನ ರೂಪವನ್ನು ತಾನು ಬರೆದುಕೊಳ್ಳತಕ್ಕ ವಿದ್ಯೆಯು, ಎಂದರೆ ಛಾಯಾಗ್ರಹಣವು, ಈ ಪ್ರಾಂತದ ಸಮೀಪಕ್ಕೆ ಬಂದುದು ಅದಕ್ಕೂ ಮೊದಲು, 1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣದಂದು.

ಆ ಬೆಳಗ್ಗೆ ನಾರ್ಮನ್ ಲಾಕಿಯರ್ ಎಂಬ ಆಂಗ್ಲ ವಿಜ್ಞಾನಿಯು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯ ಬೇಕಲದ ಕೋಟೆಯ ಮೇಲೆ ಉಪಕರಣಗಳನ್ನು ಹೂಡಿ ಕಾದಿದ್ದನು. ಅವನ ತಂಡದ ಇನ್ನು ಕೆಲವರು ಹೆಗ್ಗಡದೇವನಕೋಟೆಯ ಕಾಡುಗಳಾಚೆಗಿನ ಮಾನಂತವಾಡಿಯಲ್ಲಿದ್ದರು. ಬೇಕಲದಲ್ಲಿ ಸೂರ್ಯನ ಪ್ರಭಾವಲಯದ ಛಾಯಾಚಿತ್ರಗಳು ಲಭಿಸಿದವು. ಆಗಿನ ಪದ್ಧತಿಯಲ್ಲಿ ಗಾಜಿಗೆ ಕೊಲೋಡಿಯನ್ ಲೇಪಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರವನ್ನು ತೆಗೆದು ಸಂಸ್ಕರಿಸಿಬಿಡಬೇಕಾಗಿತ್ತು. ಕೆಲವೇ ನಿಮಿಷಗಳ ಪ್ರಭಾವಲಯಕ್ಕೆ ಅಷ್ಟು ಸಾಕು; ಬಹಳ ಹೊತ್ತು ಕಾದರಲ್ಲದೆ ಮುಖ ತೋರದ ನೀಹಾರಿಕೆಗೆ ಸಾಲದು. ಅದೇ 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ ಲೇಪದ ಒಣಫಲಕವನ್ನು ಲೋಕಕ್ಕೆ ತಿಳಿಸಿದನು. ಬೇಕಲದ ಕೋಟೆಯ ಮೇಲೆ ಒದ್ದೆಗಾಜು ಗ್ರಹಣವನ್ನು ಹಿಡಿದ ವರ್ಷವೇ ಅದರ ಆಯುಷ್ಯದ ಕೊನೆಯೂ ಮೊದಲಾಯಿತು.

ಕಣ್ಣಿಗೆ ಬೆಳಕನ್ನು ಕೂಡಿಡುವ ಶಕ್ತಿಯಿಲ್ಲ. ಈ ಕ್ಷಣ ಕಾಣದುದು ಅದಕ್ಕೆ ಮರುಕ್ಷಣವೂ ಕಾಣದು. ಒಣಫಲಕವಾದರೋ ಹನಿಗೂಡಿಸಿ ಹಳ್ಳ ಮಾಡುವಂತೆ ಬೆಳಕನ್ನು ಕೂಡಿಸಿಕೊಳ್ಳುತ್ತ ಹೋಗುತ್ತದೆ. ನ್ಯೂಯಾರ್ಕಿನ ಬಳಿ ತನ್ನ ತಂದೆಯ ಹಿಡುವಳಿಯಲ್ಲಿ ವೀಕ್ಷಣಾಲಯ ಕಟ್ಟಿಕೊಂಡಿದ್ದ ವೈದ್ಯ ಹೆನ್ರಿ ಡ್ರೇಪರನು 1880ರ ಸೆಪ್ಟೆಂಬರ್ 30ರಂದು 51 ನಿಮಿಷಗಳ ಕಾಲ ಫಲಕವನ್ನು ತೆರೆದಿಟ್ಟು, ಮಹಾವ್ಯಾಧನ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದನು. 1883ರಲ್ಲಿ ಲಂಡನ್ನಿನ ಹೊರವಲಯವಾದ ಈಲಿಂಗಿನಲ್ಲಿ, ವೃತ್ತಿಯಿಂದ ಎಂಜಿನಿಯರನಾದ ಆಂಡ್ರೂ ಐನ್ಸ್ಲಿ ಕಾಮನ್ ಎಂಬವನು ತನ್ನ ಮನೆಯ ತೋಟದಲ್ಲಿದ್ದ 36 ಅಂಗುಲದ ದರ್ಪಣದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟವರಿಗೂ ಗೋಚರಿಸದಿದ್ದ ನಕ್ಷತ್ರಗಳು ಮೂಡಿದ್ದವು. ಗೃಹಸ್ಥರು ತಮ್ಮ ಹಿತ್ತಲಲ್ಲಿ ನಿದ್ರೆಗೆಟ್ಟು ಆಚರಿಸಿದ ಈ ವ್ರತದಿಂದಲೇ ಒಂದು ಶಾಸ್ತ್ರವು ಬೆಳೆಯಿತೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಈ ವಿದ್ಯೆಗೆ ಬೇಕಾದ ಮೂಲದ್ರವ್ಯವೆಂದರೆ ಕತ್ತಲೆ. ಸಾಲಿಗ್ರಾಮದ ನೆರೆಯ ಚುಂಚನಕಟ್ಟೆಯಲ್ಲಿ ಧುಮುಕಿ ಮುಂದೆ ಹರಿಯುವ ಕಾವೇರಿಯೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ, 1908ರಲ್ಲಿ ಮೈಸೂರು ನಗರಕ್ಕೂ ಸಂದಳು. ಆ ಬೆಳಕಿನಿಂದ ನಾಡಿಗೆ ಆದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ. ಆದರೂ ಮೇಲ್ಮುಖವಾಗಿ ಚೆಲ್ಲಿಹೋಗುವ ದೀಪಪ್ರಭೆಯು ನಗರಗಳ ನೆತ್ತಿಯ ಮೇಲೆ ಮಂಜಿನ ಗೋಪುರವಾಗಿ ನಿಂತು, ಮಂದವಾದ ನೀಹಾರಿಕೆಗಳನ್ನೆಲ್ಲ ನುಂಗಿತೆಂಬುದೂ ದಿಟ.

ಹಾಗಿದ್ದರೂ ಆಕಾಶವನ್ನು ನೋಡುವ ಹವ್ಯಾಸವು ನಮ್ಮಲ್ಲಿ ಅಳಿಯಲಿಲ್ಲ. ವಿಜ್ಞಾನ ಲೇಖಕರಾದ ಜಿ. ಟಿ. ನಾರಾಯಣರಾಯರು ಮೈಸೂರಿನಲ್ಲಿ ನೆಲೆಸಿ, ಕನ್ನಡದಲ್ಲಿ ಬರೆದೂ ಬಯಲಲ್ಲಿ ನಿಂತು ತೋರಿಸಿಯೂ ನಮ್ಮವರಿಗೆ ನಕ್ಷತ್ರಗಳ ಪರಿಚಯ ಮಾಡಿಕೊಟ್ಟರು. ಬೆಂಗಳೂರಿನಲ್ಲಿ 1976ರಿಂದ ಹವ್ಯಾಸಿ ಖಗೋಳವೀಕ್ಷಕರ ಸಂಘವೊಂದು ನಡೆದುಬಂದಿದೆ. ಇಂದಿನ ಹವ್ಯಾಸಿಯು ಬಡಾವಣೆಯ ಮನೆಯ ಹಿತ್ತಲಲ್ಲಿ ಮುಕ್ಕಾಲಿಯನ್ನೂರಿ, ಭೂಭ್ರಮಣೆಗೆ ಅನುಗುಣವಾಗಿ ಯಂತ್ರವು ದೂರದರ್ಶಕವನ್ನು ತಿರುಗಿಸುತ್ತಿರಲು, ಕೆಲಕೆಲವು ನಿಮಿಷಗಳ ನೂರಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತಾನೆ. ಜಲಜನಕವು ಸೂಸುವ 656.3 ನ್ಯಾನೊಮೀಟರಿನ ಕೆಂಪನ್ನು ಮಾತ್ರ ಬಿಟ್ಟುಕೊಳ್ಳುವ ಫಿಲ್ಟರನ್ನು ಅಡ್ಡವಿಟ್ಟರೆ, ನಗರದ ಬೆಳಕಿನ ಬಹುಭಾಗವು ಹೊರಗುಳಿಯುತ್ತದೆ. ಹಳೆಯ ಸೋಡಿಯಂ ದೀಪಗಳ ಹಳದಿಯನ್ನು ಹೀಗೆ ತಡೆಯುವುದು ಸುಲಭವಾಗಿತ್ತು. ಎಲ್ಲ ವರ್ಣಗಳನ್ನೂ ಚೆಲ್ಲುವ ಬಿಳಿಯ ಎಲ್‌ಇಡಿ ದೀಪಗಳನ್ನು ಪೂರ್ತಿಯಾಗಿ ತಡೆಯಲಾಗದು. ಆದುದರಿಂದಲೇ ಸಾಲಿಗ್ರಾಮದಂತಹ ಊರುಗಳ ಹೊಲಗಳಲ್ಲಿ ಉಳಿದಿರುವ ಕತ್ತಲೆಯನ್ನು ಕೆರೆಯಂತೆ, ಗೋಮಾಳದಂತೆ, ಊರಿನ ಸೊತ್ತೆಂದು ಎಣಿಸಬೇಕೆಂದು ನಾನು ಬೇಡುತ್ತೇನೆ. ದೀಪವನ್ನು ಆರಿಸಬೇಕಾಗಿಲ್ಲ, ಅದಕ್ಕೊಂದು ಮುಚ್ಚಿಗೆ ಹಾಕಿ ಬೆಳಕನ್ನು ನೆಲದ ಕಡೆಗೆ ತಿರುಗಿಸಿದರೆ ದಾರಿಯೂ ಕಂಡೀತು, ಆಕಾಶವೂ ಉಳಿದೀತು.

ಮಹಾವ್ಯಾಧನ ಆ ನೀಹಾರಿಕೆಯು ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂದು ರಾತ್ರಿ ಹಿತ್ತಲಿಗೆ ಇಳಿಯುವ ಅದರ ಕಿರಣವು, ಬಾದಾಮಿಯಲ್ಲಿ ಚಾಲುಕ್ಯರೂ ಕಾವೇರಿಯ ದಡದ ತಲಕಾಡಿನಲ್ಲಿ ಗಂಗರೂ ಆಳುತ್ತಿದ್ದ ಕಾಲದಲ್ಲಿ ಹೊರಟುದು. ರಾಮಾನುಜಾಚಾರ್ಯರು ಈ ನಾಡಿಗೆ ಬಂದಾಗ ಅದು ದಾರಿಯ ಮೂರರಲ್ಲೊಂದು ಪಾಲನ್ನಷ್ಟೇ ಕ್ರಮಿಸಿತ್ತು. ಅಷ್ಟು ದೂರದಿಂದ ಬಂದ ಅತಿಥಿಯು ಮನೆಯ ಬಾಗಿಲಿಗೆ ಮುಟ್ಟಿದಾಗ ಅಂಗಳದ ದೀಪದ ಅಬ್ಬರದಲ್ಲಿ ಕಾಣದೆ ಹೋಗುವಂತೆ ಮಾಡುವುದು, ಅತಿಥಿಸತ್ಕಾರಕ್ಕೆ ಹೆಸರಾದ ಈ ಸೀಮೆಗೆ ಒಪ್ಪುವ ನಡತೆಯಲ್ಲ.