ಅಮೃತಾಪುರದ ಕಲ್ಲು, ಸೋದರಳಿಯನ ವ್ಯಾಕರಣ

ಲಿಂಗದಹಳ್ಳಿ ಅಂದ್ರೆ ಬೆಂಗಳೂರಿನ ನನ್ನ ಗೆಳೆಯರಿಗೆ ಗೊತ್ತಿರೋದು ಇಷ್ಟೇ... ಬೀರೂರಿನಿಂದ ಕೆಮ್ಮಣ್ಣುಗುಂಡಿಗೆ ಹೋಗುವಾಗ ಬೈಕು ನಿಲ್ಲಿಸಿ ಟೀ ಕುಡಿಯುವ ಊರು! ಅಲ್ಲಿಂದ ಮೇಲೆ ಕಲ್ಲತ್ತಿಗಿರಿ, ಬೆಟ್ಟ, ಮಂಜು, ಫೋಟೋಗಳು. ಬೆಟ್ಟದ ಕಡೆ ಹೋಗೋ ಬದಲು ತರೀಕೆರೆಯ ಕಡೆಗೆ ಹೊರಟು, ಆ ಊರನ್ನೂ ದಾಟಿ ಮುಂದೆ ಹೋದರೆ ಅಮೃತಾಪುರ ಸಿಗುತ್ತದೆ. ಇದೇ ತರೀಕೆರೆ ಸೀಮೆಯ ಊರು. ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಹುಚ್ಚಿರುವ ನಮ್ಮಂಥವರು ಒಮ್ಮೆ ಹೋಗಲೇಬೇಕಾದ ಜಾಗ ಅದು.

ಅಲ್ಲಿ ಹೊಯ್ಸಳರ ಕಾಲದ ಅಮೃತೇಶ್ವರ ದೇವಸ್ಥಾನವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ಹೊರಗಿನ ತಗ್ಗು ಗೋಡೆಯ ಮೇಲೆ ಕಥೆ ಹೇಳುವ 140 ಕೆತ್ತನೆಗಳಿವೆ. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣನ ಬಾಲ್ಯದ 25, ಉಳಿದ 45 ಮಹಾಭಾರತದ್ದು. ಒಳಗೆ ತಲೆ ಎತ್ತಿದರೆ ಕಾಣುವ ಗುಮ್ಮಟದಂಥ ಭುವನೇಶ್ವರಿಗಳಲ್ಲಿ ರೂವಾರಿ ಮಲ್ಲಿತಮ್ಮನ ಕೈಕೆಲಸವಿದೆ. ಆತ ತನ್ನ ವೃತ್ತಿ ಶುರು ಮಾಡಿದ್ದೇ ಇಲ್ಲಿ ಅಂತ ಇತಿಹಾಸಕಾರರು ಹೇಳುತ್ತಾರೆ. ಮುಖಮಂಟಪದ ಹತ್ತಿರ ಒಂದು ದೊಡ್ಡ ಶಾಸನ ನಿಂತಿದೆ. ಅದರ ಪದ್ಯಗಳನ್ನು ಬರೆದವನು ಯಾರು ಗೊತ್ತಾ? ಜನ್ನ! ಪಿಯುಸಿಯಲ್ಲೋ ಡಿಗ್ರಿಯಲ್ಲೋ ನಾವು ಓದಿದ ‘ಯಶೋಧರ ಚರಿತೆ’ಯ ಅದೇ ಜನ್ನ. ಆ ಕಾವ್ಯ ಬಂದದ್ದು 1209ರಲ್ಲಿ. ಅಂದರೆ ಈ ಕಲ್ಲು ಅದಕ್ಕಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯದು.

ಒಂದು ವಿಷಯ ಗಮನಿಸಿ. ಜನ್ನ ಜೈನ, ಗುಡಿ ಶಿವನದು. ಶಿವನ ಗುಡಿಯ ಶಾಸನಕ್ಕೆ ಜೈನ ಕವಿಯನ್ನು ಕರೆಯೋದು ದಂಡನಾಯಕನಿಗೆ ವಿಚಿತ್ರ ಅನ್ನಿಸಲಿಲ್ಲ, ಬರೆದುಕೊಡೋದು ಕವಿಗೂ ಮುಜುಗರವಾಗಲಿಲ್ಲ.

ಶಾಸನ ಅನ್ನೋದು ಒಬ್ಬನ ಕೆಲಸವೂ ಅಲ್ಲ. ಕವಿ ಪದ್ಯ ಕಟ್ಟಬೇಕು, ಲಿಪಿಕಾರ ಅದನ್ನು ಕಲ್ಲಿನ ಮೇಲೆ ಅಂದವಾಗಿ ಬರೆಯಬೇಕು, ಕೆತ್ತುವವನು ಒಂದಕ್ಷರ ತಪ್ಪದಂತೆ ಕೊರೆಯಬೇಕು. ಹಳೆಯ ಎಷ್ಟೋ ಶಾಸನಗಳ ಕೊನೆಯಲ್ಲಿ ಪದ್ಯ ಹೇಳಿದವನ ಹೆಸರಿನ ಜೊತೆ ಬರೆದವನದೂ ಕೆತ್ತಿದವನದೂ ಇರುತ್ತದೆ. ದಾನ ಕೊಟ್ಟ ದೊಡ್ಡವರ ಹೆಸರಿನ ಕೆಳಗೆ ದುಡಿದವರ ಹೆಸರಿಗೂ ಜಾಗ!

ಹಾಗಂತ ಇವರೆಲ್ಲ ವಿನಯದ ಮೂರ್ತಿಗಳು ಅಂದುಕೊಳ್ಳಬೇಡಿ. ಹೊಯ್ಸಳ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿ, ಎದುರಾಳಿಗಳನ್ನು ಕೆಣಕುವಂಥ ಬಿರುದುಗಳನ್ನೂ ಸೇರಿಸುತ್ತಿದ್ದರು. ಜನ್ನನಿಗೆ ಕವಿಚಕ್ರವರ್ತಿ ಅಂತಲೇ ಬಿರುದು. ಆದರೂ ಕೆಲಸ ಮಾತ್ರ ಒಟ್ಟಿಗೇ. ಅಮೃತಾಪುರದ ಮಲ್ಲಿತಮ್ಮ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿ ಹಿಡಿದಿದ್ದ ಅಂತ ಲೆಕ್ಕ. ಸೋಮನಾಥಪುರದಲ್ಲಿ ಅವನ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಸಿಗುತ್ತದೆ, ಆದರೆ ಅದೇ ಗೋಡೆಯ ಮೇಲೆ ಮಸಣಿತಮ್ಮ, ಚೌಡೆಯ, ನಂಜಯ ಎಲ್ಲರೂ ಇದ್ದಾರೆ. ಹಿರಿಯ ತನ್ನ ಪಕ್ಕದಲ್ಲಿ ಬೇರೆಯವರ ಸಹಿಗೂ ಜಾಗ ಬಿಟ್ಟಿದ್ದಾನೆ.

ಈಗ ಜನ್ನನ ಮನೆಯೊಳಗೆ ಹೋಗೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಅಪ್ಪ ಸುಮನೋಬಾಣನೂ ಕವಿ. ಜನ್ನನ ತಂಗಿಯನ್ನೋ ಅಕ್ಕನನ್ನೋ ಮದುವೆಯಾದವನು ಮಲ್ಲಿಕಾರ್ಜುನ. ಈ ಭಾವ ಮಾಡಿದ ಕೆಲಸ ಏನಪ್ಪಾ ಅಂದ್ರೆ, ಸುಮಾರು 1245ರ ಹೊತ್ತಿಗೆ ಬೇರೆ ಬೇರೆ ಕವಿಗಳ ಒಳ್ಳೆಯ ಪದ್ಯಗಳನ್ನೆಲ್ಲ ಆರಿಸಿ, ಸಮುದ್ರ, ಪರ್ವತ, ಋತು, ಚಂದ್ರೋದಯ ಹೀಗೆ ವರ್ಣನೆಗಳ ಪ್ರಕಾರ ಜೋಡಿಸಿ, ‘ಸೂಕ್ತಿಸುಧಾರ್ಣವ’ ಅನ್ನೋ ಸಂಕಲನ ಮಾಡಿದ. ಒಂದನೇ ಗುಣವರ್ಮನ ‘ಶೂದ್ರಕ’ ಇವತ್ತು ಇಡಿಯಾಗಿ ಸಿಗೋದಿಲ್ಲ. ಅದರ ಬಿಡಿ ಪದ್ಯಗಳಾದರೂ ನಮಗೆ ಸಿಕ್ಕಿರೋದು ಇಂಥ ಸಂಕಲನಕಾರರು ಎತ್ತಿಟ್ಟಿದ್ದರಿಂದ.

ಈ ಮಲ್ಲಿಕಾರ್ಜುನನ ಮಗ, ಅಂದರೆ ಜನ್ನನ ಸೋದರಳಿಯ, ಕೇಶಿರಾಜ. ಹೌದು, ‘ಶಬ್ದಮಣಿದರ್ಪಣ’ದ ಕೇಶಿರಾಜನೇ! ಸುಮಾರು 1260ರ ಹೊತ್ತಿನ ಈ ಹಳಗನ್ನಡ ವ್ಯಾಕರಣದ ಪ್ರತಿ ಸೂತ್ರಕ್ಕೂ ಹಿಂದಿನ ಕವಿಗಳ ಪ್ರಯೋಗಗಳೇ ಉದಾಹರಣೆ. ಪುಸ್ತಕದ ಆರಂಭದಲ್ಲೇ ತನಗೆ ಮಾದರಿ ಯಾರು ಯಾರು ಅಂತ ಹೆಸರು ಹಿಡಿದು ಹೇಳುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಇದರಲ್ಲಿ ಪಂಪ, ಪೊನ್ನರು ಸರಿ, ಅವರ ಕಾವ್ಯಗಳು ನಮ್ಮ ಕೈಯಲ್ಲಿವೆ. ಗಜಗ? ಗುಣನಂದಿ? ಅವರ ಕನ್ನಡ ಕಾವ್ಯಗಳು ಕಳೆದೇಹೋದವು. ಅಸಗ 853ರಲ್ಲಿ ಬರೆದ ಸಂಸ್ಕೃತದ ‘ವರ್ಧಮಾನಚರಿತ’ ಇದೆ, ಕನ್ನಡದ್ದು ಇಲ್ಲ. ಇವರು ದೊಡ್ಡ ಕನ್ನಡ ಕವಿಗಳಾಗಿದ್ದರು ಅನ್ನೋದಕ್ಕೆ ಇಂದು ಸಾಕ್ಷಿ ಅವರ ಪುಸ್ತಕಗಳಲ್ಲ, ಕೇಶಿರಾಜನಂಥ ಇನ್ನೊಬ್ಬರು ಆಡಿದ ಒಳ್ಳೆಯ ಮಾತು.

ಇನ್ನು ಕೇಳಿ... ಕೇಶಿರಾಜ ಸ್ವಂತ ಕಾವ್ಯಗಳನ್ನೂ ಬರೆದಿದ್ದ. ‘ಚೋಳಪಾಲಕಚರಿತ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಇತ್ಯಾದಿ. ಒಂದೂ ಉಳಿದಿಲ್ಲ! ಉಳಿದದ್ದು, ಏಳುನೂರೈವತ್ತು ವರ್ಷದ ಮೇಲೂ ಜನ ಹುಡುಕಿ ಓದುತ್ತಿರೋದು, ಬೇರೆಯವರ ಮಾತುಗಳನ್ನು ಪ್ರೀತಿಯಿಂದ ತುಂಬಿಟ್ಟ ಆ ಒಂದು ಪುಸ್ತಕ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ನಮ್ಮ ಬರಹದ ಬ್ಯಾಕಪ್ಪು ಇರೋದು ಇನ್ನೊಬ್ಬರ ಮೆಷಿನ್ನಿನಲ್ಲಿ. ಅವರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಗುಣ ಹೊಯ್ಸಳರ ಕಾಲಕ್ಕೇ ಮುಗಿಯಲಿಲ್ಲ. ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದದ್ದು ಆರ್. ನರಸಿಂಹಾಚಾರ್ ಮತ್ತು ಎಸ್. ಜಿ. ನರಸಿಂಹಾಚಾರ್ ಇಬ್ಬರ ದುಡಿಮೆಯಿಂದ. ಎಸ್. ಜಿ. ಅವರು ಅದೇ ವರ್ಷ ತೀರಿಕೊಂಡರು. ಆರ್. ನರಸಿಂಹಾಚಾರ್ ಕೆಲಸ ನಿಲ್ಲಿಸಲಿಲ್ಲ. 1919ರಲ್ಲಿ ಎರಡನೆಯದು, 1929ರಲ್ಲಿ ಮೂರನೆಯದು ಹೊರತಂದರು. ತಾಳೆಗರಿಗಳಲ್ಲಿ ಮರೆತುಹೋಗಿದ್ದ ನೂರಾರು ಕವಿಗಳ ಹೆಸರು ಹೀಗೆ ಅಚ್ಚಿಗೆ ಬಂತು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅವರೇ ಹೊಯ್ಸಳ ಗುಡಿಗಳ ಶಿಲ್ಪಿಗಳ ಸಹಿಗಳನ್ನೂ ಓದಿ ದಾಖಲಿಸಿದವರು. ಕವಿಗಳೂ ಕಲ್ಲುಕುಟಿಗರೂ ಕೊನೆಗೆ ಒಬ್ಬರ ಟಿಪ್ಪಣಿಯಲ್ಲೇ ಭೇಟಿಯಾದರು!

ಬರೆಯುವವರ ನಡುವೆ ಹೊಟ್ಟೆಕಿಚ್ಚು, ಜಗಳ ಅವತ್ತೂ ಇತ್ತು, ಇವತ್ತೂ ಇದೆ. ಆದರೆ ಕನ್ನಡದ ಲೆಕ್ಕ ನೋಡಿದರೆ ಕೊನೆಗೆ ಉಳಿಸಿದ್ದು ಜಗಳವಲ್ಲ, ಉದಾರತೆ. ಹಾಗಾಗಿ ಗೆಳೆಯರೇ, ಯಾರದಾದರೂ ಸಾಲು ಇಷ್ಟವಾದರೆ ಅವರ ಹೆಸರಿನ ಸಮೇತ ನಾಲ್ಕು ಜನಕ್ಕೆ ಹೇಳಿ. ಮುಂದಿನ ಸಲ ಕೆಮ್ಮಣ್ಣುಗುಂಡಿಗೆ ಹೊರಟಾಗ ಒಂದರ್ಧ ದಿನ ಅಮೃತಾಪುರಕ್ಕೂ ಇಟ್ಟುಕೊಳ್ಳಿ. ಕೆತ್ತನೆಗಳ ಫೋಟೋ ತೆಗೆದಾದ ಮೇಲೆ ಜನ್ನನ ಕಲ್ಲಿನ ಮುಂದೆಯೂ ಎರಡು ನಿಮಿಷ ನಿಲ್ಲೋದನ್ನ ಮರೀಬೇಡಿ.