ಅಮೆರಿಕದಲ್ಲಿ ವ್ಯಾಪಾರ ಸಂಸ್ಥೆಗಳ ವಿಲೀನ ಮತ್ತು ಶಾಸನ
1950ರಲ್ಲಿ ಅಮೆರಿಕದ ಕಾಂಗ್ರೆಸ್ಸು ಸೆಲ್ಲರ್-ಕೆಫಾವರ್ ಶಾಸನದಿಂದ ವಿಲೀನಗಳ ಮೇಲಣ ನಿರ್ಬಂಧವನ್ನು ಬಿಗಿಗೊಳಿಸಿತು. ಅದರ ಬಲವನ್ನು ಲಾಸ್ ಏಂಜಲೀಸಿನ ಮೊಕದ್ದಮೆಯೊಂದರಲ್ಲಿ ಕಾಣುತ್ತೇವೆ. 1960ರಲ್ಲಿ ಒಂದಾದ ವಾನ್ಸ್ ಮತ್ತು ಷಾಪಿಂಗ್ ಬ್ಯಾಗ್ ಎಂಬ ದಿನಸಿ ಸಂಸ್ಥೆಗಳಿಗೆ ಅಲ್ಲಿನ ಮಾರಾಟದಲ್ಲಿ ಇದ್ದ ಒಟ್ಟು ಪಾಲು ಶೇಕಡ 7.5 ಮಾತ್ರ. ಆದರೂ 1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಲೀನವನ್ನು ಶಾಸನಬಾಹಿರವೆಂದಿತು. ಒಂಟಿ ಅಂಗಡಿಯ ಒಡೆಯರು 1950ರಲ್ಲಿ 5,365 ಇದ್ದವರು 1961ರ ವೇಳೆಗೆ 3,818ಕ್ಕೆ ಇಳಿದುದನ್ನು ನ್ಯಾಯಮೂರ್ತಿ ಬ್ಲ್ಯಾಕ್ ಎತ್ತಿ ತೋರಿಸಿದರು. ಇಂತಹ ವ್ಯಾಜ್ಯಗಳಲ್ಲಿ ಸರಕಾರ ಗೆಲ್ಲುವುದೊಂದೇ ನಿಯಮವೆಂದು ನ್ಯಾಯಮೂರ್ತಿ ಸ್ಟೂವರ್ಟ್ ಭಿನ್ನಮತದಲ್ಲಿ ಚುಚ್ಚಿದರು. ತೀರ್ಪು ಅತಿಯಾಯಿತೆಂದು ನಮಗೂ ತೋರುತ್ತದೆ. ಅದರ ಹಿಂದಿನ ಆತಂಕ ಮಾತ್ರ ಹುಸಿಯಲ್ಲ. ಶಾಸನದ ಸಾರ ಬದಲಾಗಲಿಲ್ಲ. 1982ರಲ್ಲಿ ರೇಗನ್ ಸರಕಾರದ ನ್ಯಾಯಶಾಖೆಯ ಮಾರ್ಗದರ್ಶಿಯು ಬೆಲೆಯೇರಿಸುವ ಶಕ್ತಿಯನ್ನೇ ಮುಖ್ಯ ಪ್ರಶ್ನೆಯಾಗಿಸಿತು. ಚಿಕ್ಕ ಅಂಗಡಿಯವನು ಆ ಲೆಕ್ಕದಿಂದ ಹೊರಗುಳಿದನು.