ಬೆಳಕಿಗೊಂದು ಬಣ್ಣದ ತೆರೆ

ನಮ್ಮ ಊರಿನ ಹೆಸರಿಗೆ ಅಂಟಿಕೊಂಡಿರುವ ‘ಬಿ’ ಅಕ್ಷರ ಬುಜುರ್ಗ್ ಎಂಬ ಪಾರಸಿ ಪದದ ಕುರುಹು. ದೊಡ್ಡದು ಎಂದು ಅದರ ಅರ್ಥ. ಚಿಕ್ಕದಾದರೆ ಖುರ್ದ್. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಹಳೆಯ ಕಂದಾಯ ದಫ್ತರಗಳು ಮಾಡಿಕೊಂಡ ಉಪಾಯವಿದು. ಈ ದೊಡ್ಡ ಹಳ್ಳಿಖೇಡದಲ್ಲಿ ಕಳೆದ ವರ್ಷ ನನಗೊಂದು ಚಿಕ್ಕ ವಸ್ತು ಸಿಗದೆ ಹೋಯಿತು: ಗಣಕಯಂತ್ರದ ತೆರೆಗೆ ಹೊದಿಸಲು ಒಂದು ಮೊಳ ಬಣ್ಣದ ಪಾರದರ್ಶಕ ಹಾಳೆ.

ಅದರ ಅಗತ್ಯವೇನಿತ್ತು ಎಂದು ತಾವು ಕೇಳಬಹುದು. ಎಂ.ಎ. ಓದುವ ದಿನಗಳಲ್ಲಿ ನಮ್ಮ ಸೀಮೆಯ ಮೊಹರಂ ಪದಗಳನ್ನೂ ಬೀಸುವ ಪದಗಳನ್ನೂ ನಾನು ಬರೆದುಕೊಂಡಿದ್ದ ಒಂದು ನೋಟುಬುಕ್ಕು ಪುಡಿಯಾಗುತ್ತಲಿತ್ತು. ಮೊಮ್ಮಗ ಅದರ ಪುಟಗಳ ಚಿತ್ರ ತೆಗೆದು ಗಣಕಕ್ಕೆ ಹಾಕಿಕೊಟ್ಟ. ರಾತ್ರಿ ಕುಳಿತು ಪ್ರತಿ ಮಾಡತೊಡಗಿದೆ. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಆ ಬಿಳಿಯ ಬೆಳಕು ಚುಚ್ಚುತ್ತಿತ್ತು. ಬಣ್ಣವನ್ನು ತಾನೇ ಹದಗೊಳಿಸಿಕೊಳ್ಳುವ ಅನುಕೂಲ ಹೊಸ ಗಣಕಗಳಲ್ಲಿ ಉಂಟು. ನನ್ನದು ನನ್ನಂತೆಯೇ ಹಳೆಯದು.

ಅಂಗಡಿಯವರು ನಕ್ಕು ಕೇಳಿದರು: “ಮೊದಲ ಟಿ.ವಿ.ಗಿ ಹಚ್ಚತಿದ್ರಲ್ಲ, ಅದಾ ಏನ್ರಿ ಸರ? ಈಗ ಅದನ್ನ ಯಾರು ಕೇಳ್ತಾರ್ರಿ?” ಆ ಒಂದು ಮಾತು ನನ್ನನ್ನು ಅರ್ಧ ಶತಮಾನ ಹಿಂದಕ್ಕೆ ಕರೆದೊಯ್ದಿತು.

ಬೆಳಕಿನ ಮುಂದೆ ಬಣ್ಣ ಹಿಡಿಯುವ ಆಸೆ ಮನುಷ್ಯನಿಗೆ ಹೊಸದಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಚಾವಣಿಗೆ ನವಿಲಿನ ಚಿತ್ರದ ಬಣ್ಣದ ಗಾಜು ಗ್ಲಾಸ್ಗೋದಿಂದ ಬಂತು. ಅದು ಅರಸರ ಮಾತಾಯಿತು. ಜನಸಾಮಾನ್ಯರಿಗೆ ದೊರೆತದ್ದು ಜಿಲೆಟಿನ್ ಕಾಗದ. ನಾಟಕದ ದೀಪದ ಮುಂದೆ ಇದನ್ನಿಟ್ಟರೆ ರಾಕ್ಷಸನ ಪ್ರವೇಶಕ್ಕೆ ಕೆಂಪು, ಬೆಳದಿಂಗಳಿಗೆ ನೀಲಿ. ಮೊದಲಲ್ಲಿ ಅದು ಹೆಸರಿಗೆ ತಕ್ಕಂತೆ ಜಿಲೆಟಿನ್ನಿನದೇ ಆಗಿತ್ತು. ನೀರು ತಗಲಿದರೆ ಕರಗುವುದು, ಶಾಖಕ್ಕೆ ಒಣಗಿ ಮುರಿಯುವುದು ಅದರ ಸ್ವಭಾವ. ಬ್ರಾಂಡೆನ್‌ಬರ್ಗರ್ ಎಂಬ ಸ್ವಿಸ್ ರಸಾಯನಜ್ಞ 1908ರಲ್ಲಿ ಸೆಲೊಫೇನನ್ನು ಕಂಡುಹಿಡಿದ. ಮುಂದೆ ಬಗೆಬಗೆಯ ಪ್ಲಾಸ್ಟಿಕ್ ಹಾಳೆಗಳು ಬಂದವು. ವಸ್ತು ಬದಲಾದರೂ ನಮ್ಮ ಜನರ ಬಾಯಲ್ಲಿ ಜಿಲೆಟಿನ್ ಎಂಬ ಹೆಸರೇ ಉಳಿಯಿತು.

ದೂರದರ್ಶನ ನಮ್ಮ ಕಡೆಗೆ ಬಂದ ಬಗೆಯೂ ವಿಚಿತ್ರ. ಬೆಂಗಳೂರಿಗೆ ಆ ಭಾಗ್ಯ ಒದಗಿದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಟಿ.ವಿ. ಕಂಡವು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಸುಮಾರು ಹತ್ತು ಅಡಿ ಅಗಲದ ತಂತಿಬಲೆಯ ಕೊಡೆಯೊಂದು ಆಕಾಶದ ಕಡೆ ಮುಖಮಾಡಿ ನಿಂತಿರುತ್ತಿತ್ತು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗದಲ್ಲಿಯೇ ಒಂದು ಪ್ರಸಾರ ಕೇಂದ್ರ ಸ್ಥಾಪಿತವಾಯಿತು. ರಾಜಧಾನಿಗಿಂತ ಮೊದಲು ನಮ್ಮ ಹಿಂದುಳಿದ ಸೀಮೆಗೆ ಬಂದ ಸೌಲಭ್ಯಗಳ ಪಟ್ಟಿ ಬಹಳ ಚಿಕ್ಕದು, ಅದರಲ್ಲಿ ಇದೊಂದು.

ಆದರೆ ಚಿತ್ರ ಕಪ್ಪು ಬಿಳುಪು. 1982ರ ಆಗಸ್ಟ್ 15ರಂದು ದೇಶದಲ್ಲಿ ವರ್ಣ ಪ್ರಸಾರ ಆರಂಭವಾಯಿತು, ನವೆಂಬರಿನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಬಣ್ಣದ ಪೆಟ್ಟಿಗೆ ಕೊಳ್ಳುವ ಶಕ್ತಿ ಮಾತ್ರ ಎಷ್ಟು ಮನೆಗಳಿಗಿತ್ತು? ಆ ಕೊರತೆಯನ್ನು ತುಂಬಲು ಬಂದದ್ದೇ ಬಣ್ಣದ ಹಾಳೆ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು — ಲೋಕವೆಲ್ಲ ಈ ಕ್ರಮದಲ್ಲಿಯೇ ಇದೆ ಎಂಬುದು ಅದನ್ನು ಮಾಡಿದವನ ನಂಬಿಕೆ. ಗುಲ್ಬರ್ಗದಲ್ಲಿ ನಾನು ಓದಲು ನಿಂತಿದ್ದ ಸೋದರಮಾವನ ಮನೆಗೆ ಅದು ಬಂದ ದಿನ ಓಣಿಯೇ ನೆರೆಯಿತು. ವಾರ್ತೆ ಓದುವವರ ಹಣೆ ನೀಲಿಯಾಗಿ, ಗದ್ದ ಹಸಿರಾಗಿ ಕಂಡಿತು. ಊರಿಂದ ಬಂದಿದ್ದ ನಮ್ಮ ಅವ್ವ, “ಅಯ್ಯ, ಪಾಪ, ಆಕಿಗಿ ಏನು ಕಡದಾದೋ, ಮಾರಿ ನೀಲಿ ಆಗ್ಯಾದ” ಎಂದು ಮರುಗಿದಳು. ಎಲ್ಲರೂ ನಕ್ಕೆವು. ನಿಜ ಹೇಳಿದವಳು ಅವಳೊಬ್ಬಳೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಾಲಾಂತರದಲ್ಲಿ ಇದೇ ಹಾಳೆ ಬೇರೊಂದು ವೇಷದಲ್ಲಿ ಕಛೇರಿಗಳನ್ನು ಹೊಕ್ಕಿತು. ಗಾಜಿನ ಕೊಳವೆಯ ದಪ್ಪ ಗಣಕಗಳ ಮುಂದೆ ಬೂದುಬಣ್ಣದ ಫಲಕ ತೂಗುಹಾಕುತ್ತಿದ್ದುದನ್ನು ಬ್ಯಾಂಕುಗಳಲ್ಲಿ ತಾವೂ ಕಂಡಿರಬಹುದು. ಇದರ ಹಿಂದೆ ಒಂದು ಸೊಗಸಾದ ಲೆಕ್ಕವಿದೆ. ಫಲಕವು ಅರ್ಧ ಬೆಳಕನ್ನು ಬಿಡುತ್ತದೆ ಎನ್ನೋಣ. ತೆರೆಯ ಅಕ್ಷರದ ಬೆಳಕು ಅದನ್ನು ಒಮ್ಮೆ ಮಾತ್ರ ದಾಟುತ್ತದೆ, ಅರ್ಧ ಉಳಿಯುತ್ತದೆ. ಕಿಟಕಿಯ ಬೆಳಕಾದರೋ ಒಳಹೋಗುವಾಗ ಒಮ್ಮೆ, ಗಾಜಿಗೆ ತಗಲಿ ಹೊರಬರುವಾಗ ಇನ್ನೊಮ್ಮೆ ದಾಟಬೇಕು. ಕಾಲುಭಾಗ ಮಾತ್ರ ಉಳಿಯುತ್ತದೆ. ಅಕ್ಷರ ಮಂಕಾಗುತ್ತದೆ, ಆದರೆ ಅದರ ಮೇಲೆ ಬೀಳುವ ಪ್ರತಿಬಿಂಬ ಅದಕ್ಕಿಂತ ಹೆಚ್ಚು ಮಂಕಾಗುತ್ತದೆ. ಕಣ್ಣಿಗೆ ದೊರೆಯುವ ಲಾಭ ಇಷ್ಟೇ. ಇಲ್ಲಿ ಯಾರೂ ಏನನ್ನೂ ಕೊಡುವುದಿಲ್ಲ. ಬೇಡವಾದದ್ದನ್ನು ಹೆಚ್ಚಾಗಿ, ಬೇಕಾದದ್ದನ್ನು ಕಡಿಮೆಯಾಗಿ ಕಳೆಯುವುದಷ್ಟೇ.

ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಯ ಮೋಟಾರು ಅಲಂಕಾರದ ಅಂಗಡಿಯಲ್ಲಿ ವಿಚಾರಿಸಿದೆ. ಅಲ್ಲಿಯೂ ನಿರಾಶೆ. ವಾಹನದ ಗಾಜಿಗೆ ಕಪ್ಪು ಹಾಳೆ ಅಂಟಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ತೀರ್ಪಿತ್ತ ಮೇಲೆ ತಾವು ಆ ಸರಕನ್ನೇ ಬಿಟ್ಟೆವೆಂದರು. ಕಡೆಗೆ ವೀರಭದ್ರೇಶ್ವರ ಜಾತ್ರೆಯ ದಿನಗಳಲ್ಲಿ, ದೀಪಾಲಂಕಾರದ ಹುಡುಗನೊಬ್ಬ ಕೆಂಪು ಹಾಳೆಯ ಒಂದು ತುಂಡನ್ನು ಕತ್ತರಿಸಿಕೊಟ್ಟ. “ರೊಕ್ಕ ಬ್ಯಾಡ್ರಿ ಕಾಕಾ” ಎಂದ.

ಮನೆಗೆ ತಂದು ತೆರೆಗೆ ಹೊದಿಸಿದೆ. ಕಣ್ಣು ತಂಪಾಯಿತು. ಕಗ್ಗತ್ತಲೆಯಲ್ಲಿ ಕೆಲಸ ಮಾಡುವವರು ಕೆಂಪನ್ನು ಆರಿಸಿಕೊಂಡದ್ದು ಸುಮ್ಮನಲ್ಲ. ಮಬ್ಬು ಬೆಳಕಿನಲ್ಲಿ ನಮಗೆ ನೋಟ ಕೊಡುವ ಕಣ್ಣಿನ ಕಣಗಳು ಕೆಂಪಿಗೆ ಹೆಚ್ಚು ಸ್ಪಂದಿಸುವುದಿಲ್ಲ. ಅದಕ್ಕಾಗಿಯೇ ನಕ್ಷತ್ರ ವೀಕ್ಷಕರು ಕೆಂಪು ದೀಪ ಹಿಡಿಯುತ್ತಾರೆ. ಹಿಂದಿನ ಕಾಲದ ಕ್ಷ-ಕಿರಣ ವೈದ್ಯರು ಕತ್ತಲೆಯ ಕೋಣೆಗೆ ಹೋಗುವ ಮೊದಲು ಕೆಂಪು ಕನ್ನಡಕ ಧರಿಸುತ್ತಿದ್ದರು. ನಾಲ್ಕು ರಾತ್ರಿಗಳಲ್ಲಿ ನಲವತ್ತು ಪುಟ ಮುಗಿಸಿದೆ.

ಐದನೆಯ ದಿನ ಹಗಲಿನಲ್ಲಿ ಹಾಳೆ ತೆಗೆದು ನೋಡಿದೆ. ಎದೆ ಧಸಕ್ಕೆಂದಿತು. ಆ ನೋಟುಬುಕ್ಕನ್ನು ನನ್ನ ಗುರುಗಳು ಓದಿ, ಕೆಂಪು ಮಸಿಯಲ್ಲಿ ತಿದ್ದಿದ್ದರು. ನಾನು ಗ್ರಾಂಥಿಕಗೊಳಿಸಿ ಬರೆದ ಶಬ್ದಗಳ ಬದಿಯಲ್ಲಿ ಹಾಡಿದವಳ ಬಾಯಿಯ ರೂಪವನ್ನೇ ಅವರು ಗುರುತಿಸಿದ್ದರು. ಕೆಂಪು ಹಾಳೆಯ ಮೂಲಕ ಬಿಳಿಯ ಕಾಗದವೂ ಕೆಂಪು, ಕೆಂಪು ಮಸಿಯೂ ಕೆಂಪು. ಎರಡಕ್ಕೂ ಭೇದವೇ ಉಳಿಯುವುದಿಲ್ಲ. ನಲವತ್ತು ಪುಟಗಳಲ್ಲಿ ನನ್ನ ತಪ್ಪುಗಳೆಲ್ಲ ಕಪ್ಪಾಗಿ ಉಳಿದಿದ್ದವು. ಗುರುಗಳು ಮಾತ್ರ ಅಳಿಸಿಹೋಗಿದ್ದರು.

ಹಾಳೆಯನ್ನು ನಾನು ಎಸೆಯಲಿಲ್ಲ. ಅದು ಮೇಜಿನ ಮೇಲಿದೆ. ಕಣ್ಣು ನೊಂದಾಗ ಈಗಲೂ ಹೊದಿಸುತ್ತೇನೆ. ಆದರೆ ಪ್ರತಿಯೊಂದು ಪುಟದ ಕೊನೆಗೂ ಒಮ್ಮೆ ಅದನ್ನು ಸರಿಸಿ ನೋಡುತ್ತೇನೆ. ಅಂದು ನಾವೆಲ್ಲ ಆಕಾಶದ ನೀಲಿಯನ್ನು ಕಂಡೆವು, ಅವ್ವ ಆ ಹೆಣ್ಣುಮಗಳ ಮುಖವನ್ನು ಕಂಡಳು. ಆ ನಲವತ್ತು ಪುಟಗಳನ್ನು ನಾನು ಮತ್ತೆ ಮೊದಲಿನಿಂದ ಬರೆದೆ.